ಅಗಸೆ ಎಣ್ಣೆ ಮನೆಯಲ್ಲೇ ತೆಗೀಬಹುದಾ? ಮಷಿನ್ ಬುಕ್ ಮಾಡೋ ಮೊದಲು ಈ ಲೆಕ್ಕ ಕೇಳಿ

ಬಸ್ಸಲ್ಲಿ ಕೂತು ಕೇಳ್ತಾ ಇರೋರಿಗೆ, ಪಾತ್ರೆ ತೊಳೀತಾ ಕೇಳ್ತಾ ಇರೋರಿಗೆ, ನಿದ್ದೆ ಬರ್ಲಿ ಅಂತ ಕಿವಿಗೆ ಹಾಕ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆ ಒಂದು ಪುಟ್ಟ ಕಂದು ಬೀಜದ ಬಗ್ಗೆ. ಅಗಸೆ ಬೀಜ. ಉತ್ತರ ಕರ್ನಾಟಕದವರ ಬಾಯಲ್ಲಿ ಅಗಸಿ. ಸೂಪರ್‌ಮಾರ್ಕೆಟ್ ಕಪಾಟಿನಲ್ಲಿ ಫ್ಲ್ಯಾಕ್ಸ್ ಸೀಡ್ಸ್. ಸೊಪ್ಪು, ಹೂವು ಪಲ್ಯ ಮಾಡ್ತಾರಲ್ಲ, ಆ ಅಗಸೆ ಮರಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಹಿಂಗಾರಿನಲ್ಲಿ ಎರೆ ಹೊಲದಲ್ಲಿ ನೀಲಿ ಹೂ ಬಿಡೋ ಸಣ್ಣ ಗಿಡ.

ಈ ವಿಷಯ ಯಾಕೆ ಅಂದ್ರೆ, ಒಂದು ವಾಯ್ಸ್ ಮೆಸೇಜ್. ಹಾವೇರಿ ಜಿಲ್ಲೆಯ ಕೇಳುಗರೊಬ್ಬರು ಕಳಿಸಿದ್ದು. ಅವರ ತಂದೆಗೆ ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಅಗಸೆ ಎಣ್ಣೆ ಹೃದಯಕ್ಕೆ ಒಳ್ಳೇದು ಅಂತ ರೀಲ್ ನೋಡಿದ್ದಾರೆ. ಮನೆಯಲ್ಲೇ ಎಣ್ಣೆ ತೆಗೆಯೋ ಮಷಿನ್ ಇಎಂಐನಲ್ಲಿ ಸಿಗುತ್ತೆ. ಅವರ ಪ್ರಶ್ನೆ ಎರಡು. ಅಪ್ಪನಿಗೆ ತಾಜಾ ಎಣ್ಣೆ ಕೊಡೋಣ, ಉಳಿದದ್ದನ್ನ ಅಕ್ಕಪಕ್ಕದವರಿಗೆ ಮಾರಿ ಕಂತು ಕಟ್ಟೋಣ, ಆಗುತ್ತಾ? ಆಮೇಲೆ, ಮಷಿನ್ ಬೇಡ ಅಂದ್ರೆ ಮಿಕ್ಸಿಯಲ್ಲೇ ಅರೆದು ಬಟ್ಟೆಯಲ್ಲಿ ಹಿಂಡಿದ್ರೆ ಎಣ್ಣೆ ಬರುತ್ತಾ?

ಒಳ್ಳೆ ಪ್ರಶ್ನೆಗಳು. ಇದರಲ್ಲಿ ದುಡ್ಡೂ ಇದೆ, ಒಬ್ಬರ ಆರೋಗ್ಯವೂ ಇದೆ. ನಾನು ಬಿ.ಕಾಂ ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ.

ಮೊದಲು ಸುಲಭದ ಪ್ರಶ್ನೆ. ಮಿಕ್ಸಿ ಮತ್ತು ಬಟ್ಟೆಯಿಂದ ಎಣ್ಣೆ ಬರಲ್ಲ. ಅಗಸೆ ಬೀಜದಲ್ಲಿ ಸುಮಾರು ಶೇ. 40ರಷ್ಟು ಎಣ್ಣೆ ಇದೆ, ನಿಜ. ಮಿಕ್ಸಿಯಲ್ಲಿ ತುಂಬಾ ಹೊತ್ತು ತಿರುಗಿಸಿದ್ರೆ ಜಿಡ್ಡು ಜಿಡ್ಡಾದ ಮುದ್ದೆ ಆಗುತ್ತೆ, ಅದೂ ನಿಜ. ಆದರೆ ಆ ಎಣ್ಣೆ ಪುಡಿಯ ಕಣಕಣದಲ್ಲೂ ಅಂಟಿಕೊಂಡಿರುತ್ತೆ. ಅದನ್ನ ಬೇರೆ ಮಾಡೋಕೆ ಕೈ ಬಲ ಸಾಲಲ್ಲ, ಒತ್ತಡ ಬೇಕು. ನಮ್ಮ ಹಳೇ ಗಾಣ ಮಾಡ್ತಿದ್ದದ್ದು ಅದನ್ನೇ. ಎತ್ತು ಸುತ್ತುತ್ತೆ, ಒರಳಿನೊಳಗೆ ದಪ್ಪ ಮರದ ಕಂಬ ತಿರುಗುತ್ತೆ, ಬೀಜ ಅರೆಯೋದೂ ಹಿಂಡೋದೂ ಒಟ್ಟಿಗೆ ನಡೆಯುತ್ತೆ. ಇವತ್ತಿನ ಮನೆ ಮಷಿನ್‌ನಲ್ಲಿ ಎತ್ತಿನ ಬದಲು ಮೋಟಾರ್, ಕಂಬದ ಬದಲು ಸ್ಕ್ರೂ. ಸ್ಕ್ರೂ ಬೀಜವನ್ನ ಕಿರಿದಾದ ಜಾಗಕ್ಕೆ ನೂಕುತ್ತೆ, ಒಂದು ಕಡೆಯಿಂದ ಎಣ್ಣೆ, ಇನ್ನೊಂದು ಕಡೆಯಿಂದ ಹಿಂಡಿ. ಮಷಿನ್‌ಗೆ ಹಾಕೋ ಮೊದಲು ಪುಡಿ ಮಾಡ್ಬೇಡಿ. ಇಡೀ ಬೀಜ ಸರಾಗವಾಗಿ ಇಳಿಯುತ್ತೆ, ನುಣ್ಣನೆ ಪುಡಿ ಬಾಯಲ್ಲೇ ಕಟ್ಟಿಕೊಳ್ಳುತ್ತೆ.

ಈಗ ಲೆಕ್ಕ. ನಾನು ಹೇಳೋ ಬೆಲೆಗಳು ಬರೀ ಉದಾಹರಣೆ, ನಿಮ್ಮ ಊರಿನ ಬೆಲೆ ನೀವು ಹಾಕ್ಕೊಳ್ಳಿ. ಬೀಜ ಕೆಜಿಗೆ 150 ರೂಪಾಯಿ ಅಂತಿಟ್ಕೊಳ್ಳೋಣ. ಮನೆ ಮಷಿನ್ ಬೀಜದಲ್ಲಿರೋ ಎಣ್ಣೆಯನ್ನೆಲ್ಲ ತೆಗೆಯಲ್ಲ. ಕೆಜಿಗೆ 280 ಗ್ರಾಂ ಬಂತು ಅಂದ್ರೆ ಚೆನ್ನಾಗಿ ಬಂತು ಅಂತ ಲೆಕ್ಕ. ಒಂದು ಲೀಟರ್ ಅಗಸೆ ಎಣ್ಣೆ ಸುಮಾರು 930 ಗ್ರಾಂ ತೂಗುತ್ತೆ. ಅಂದ್ರೆ ಒಂದು ಲೀಟರ್‌ಗೆ 3.3 ಕೆಜಿ ಬೀಜ, ಹತ್ತಿರ ಹತ್ತಿರ 500 ರೂಪಾಯಿ. ಇಲ್ಲಿಗೆ ನಿಲ್ಲಿಸಿದ್ರೆ ಲಾಭ ಅನ್ಸುತ್ತೆ. ರೀಲ್‌ಗಳು ನಿಲ್ಲಿಸೋದೂ ಇಲ್ಲೇ.

ಮಷಿನ್ ಬೆಲೆ ಸೇರಿಸಿ. 15,000 ಅಂತಿಟ್ಕೊಳ್ಳಿ. ಒಂದು ಮನೆಗೆ ತಿಂಗಳಿಗೆ ಕಾಲು ಲೀಟರ್ ಸಾಕು. ವರ್ಷಕ್ಕೆ 3 ಲೀಟರ್, ಐದು ವರ್ಷಕ್ಕೆ 15 ಲೀಟರ್. 15,000ವನ್ನ 15ರಿಂದ ಭಾಗಿಸಿ. ಲೀಟರ್‌ಗೆ 1,000 ರೂಪಾಯಿ ಬರೀ ಮಷಿನ್ ಸವಕಳಿ. ಬೀಜದ್ದು ಸೇರಿ 1,500. ಮಷಿನ್ ಐದು ವರ್ಷ ಕೆಡದೇ ಓಡಿದ್ರೆ ಮಾತ್ರ.

ಸರಿ, ಮಾರ್ತೀವಲ್ಲ ಅಂತೀರಿ. ಬಡ್ಡಿ ಇಲ್ಲದ 12 ಕಂತು ಅಂದ್ರೂ ತಿಂಗಳಿಗೆ 1,250. ಕಾಲು ಲೀಟರ್ ಬಾಟಲಿ 225 ರೂಪಾಯಿಗೆ ಮಾರಿದ್ರಿ ಅಂದ್ಕೊಳ್ಳಿ. ಬೀಜಕ್ಕೆ 125, ಬಾಟಲಿ ಮತ್ತು ಲೇಬಲ್‌ಗೆ 25 ಹೋಯ್ತು. ಉಳಿದದ್ದು 75. ಕಂತು ಕಟ್ಟೋಕೆ ತಿಂಗಳಿಗೆ 17 ಬಾಟಲಿ ಹೋಗ್ಬೇಕು. ಅದಕ್ಕೆ 14 ಕೆಜಿ ಬೀಜ. ಪ್ರತಿ ತಿಂಗಳೂ. ನಿಮ್ಮ ಕೆಲಸಕ್ಕೆ ಕೂಲಿ ಸೊನ್ನೆ, ಕರೆಂಟು ಪುಕ್ಕಟೆ, ಒಂದು ಬಾಟಲಿಯೂ ವಾಪಸ್ ಬರಲ್ಲ ಅಂತ ಇಟ್ಕೊಂಡು ಹಾಕಿದ ಲೆಕ್ಕ ಇದು. ಇನ್ನೊಂದು ಮಾತು. ಮನೆಯಿಂದ ತಿನ್ನೋ ಪದಾರ್ಥ ಮಾರೋರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಖಾದ್ಯ ತೈಲವನ್ನ ಪ್ಯಾಕ್ ಮಾಡದೆ, ಲೇಬಲ್ ಹಾಕದೆ ಬಿಡಿಯಾಗಿ ಮಾರೋದಕ್ಕೆ ನಿಯಮದಲ್ಲೇ ನಿರ್ಬಂಧ ಇದೆ. ಹಳೇ ನೀರಿನ ಬಾಟಲಿಗೆ ತುಂಬಿ ಪಕ್ಕದ ಮನೆಗೆ ಕೊಟ್ಟು ದುಡ್ಡು ಇಸ್ಕೊಳ್ಳೋ ಹಾಗಿಲ್ಲ.

ಬೇರೆ ಎಣ್ಣೆ ಆಗಿದ್ರೆ ಸ್ಟಾಕ್ ಇಟ್ಟು ನಿಧಾನಕ್ಕೆ ಮಾರಬಹುದಿತ್ತು. ಅಗಸೆ ಎಣ್ಣೆಗೆ ಆ ಸೌಲಭ್ಯ ಇಲ್ಲ. ಈ ಸಂಚಿಕೆಯ ಮುಖ್ಯ ವಿಷಯವೇ ಇದು, ಸ್ವಲ್ಪ ಗಮನ ಇಟ್ಟು ಕೇಳಿ.

ಕ್ರಿಕೆಟ್ ಆಡೋರಿಗೆ ಗೊತ್ತಿರುತ್ತೆ. ಹೊಸ ವಿಲೋ ಬ್ಯಾಟ್‌ಗೆ ಲಿನ್ಸೀಡ್ ಆಯಿಲ್ ಹಚ್ತಾರೆ. ಆ ಲಿನ್ಸೀಡ್ ಬೇರೆ ಏನೂ ಅಲ್ಲ, ಅಗಸೆಯೇ. ಯುರೋಪಿನ ಚಿತ್ರಕಾರರು ಶತಮಾನಗಳಿಂದ ಬಣ್ಣ ಕಲಸಿದ್ದು ಇದೇ ಎಣ್ಣೆಯಲ್ಲಿ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ನೆಲಕ್ಕೆ ಹಾಸೋ ಲಿನೋಲಿಯಂ ಮಾಡಿದ್ದೂ ಇದರಿಂದಲೇ. ಯಾಕೆ ಇದೇ ಎಣ್ಣೆ? ಯಾಕಂದ್ರೆ ಇದು ಗಾಳಿಗೆ ಒಣಗಿ ಪದರ ಕಟ್ಟುತ್ತೆ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಹಾಗೆ ಗಟ್ಟಿ ಪದರ ಕಟ್ಟಲ್ಲ. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರೋದು ಆಲ್ಫಾ ಲಿನೋಲೆನಿಕ್ ಆಮ್ಲ, ಅಂದ್ರೆ ಎಲ್ಲರೂ ಹೇಳೋ ಒಮೆಗಾ-3. ಅದು ಗಾಳಿಯ ಆಮ್ಲಜನಕದ ಜೊತೆ ಬೇಗ ಬೆರೆಯುತ್ತೆ. ಬ್ಯಾಟ್ ಮೇಲೆ ಒಣಗಿಸೋದೂ ಅದೇ ಗುಣ, ನಿಮ್ಮ ಬಾಟಲಿಯಲ್ಲಿ ಎಣ್ಣೆ ಕೆಡಿಸೋದೂ ಅದೇ ಗುಣ. ಯಾವುದಕ್ಕಾಗಿ ದುಡ್ಡು ಕೊಡ್ತೀವೋ ಅದೇ ಮೊದಲು ಹಾಳಾಗುತ್ತೆ.

ಅದಕ್ಕೇ ಬಾಟಲಿ ಗಾಢ ಬಣ್ಣದ್ದಿರಬೇಕು, ಕಂಠದ ತನಕ ತುಂಬಿರಬೇಕು, ಫ್ರಿಜ್‌ನಲ್ಲಿರಬೇಕು. ತೆರೆದ ಮೇಲೆ ಆರೆಂಟು ವಾರದೊಳಗೆ ಮುಗಿಸ್ಬೇಕು. ಪೇಂಟ್ ವಾಸನೆಯೋ ಮೀನಿನ ವಾಸನೆಯೋ ಬಂದ್ರೆ, ನಾಲಿಗೆಗೆ ಕಹಿ ಅನ್ಸಿದ್ರೆ ಚೆಲ್ಲಿಬಿಡಿ. ಒಗ್ಗರಣೆಗೆ ಹಾಕ್ಬೇಡಿ, ದೋಸೆ ಕಾವಲಿಗೆ ಹಾಕ್ಬೇಡಿ. ಶುದ್ಧೀಕರಿಸದ ಅಗಸೆ ಎಣ್ಣೆ 107 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೊಗೆ ಬಿಡುತ್ತೆ, ಕಾವಲಿ ಅದಕ್ಕಿಂತ ಎಷ್ಟೋ ಬಿಸಿ ಇರುತ್ತೆ. ತಣ್ಣಗೆ ಸಲಾಡ್ ಮೇಲೋ ಚಟ್ನಿ ಮೇಲೋ ಹಾಕಿ ತಿನ್ನೋ ಎಣ್ಣೆ ಇದು.

ಇನ್ನು ಅಪಾಯದ ವಿಷಯ, ಇದನ್ನ ರೀಲ್‌ನಲ್ಲಿ ಯಾರೂ ಹೇಳಲ್ಲ. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ. ಎಣ್ಣೆ ಹೀರಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಆ ಬಿಸಿ ಒಳಗೇ ಕೂಡಿ, ಬೆಂಕಿಕಡ್ಡಿ ಇಲ್ಲದೇ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಉತ್ಪ್ರೇಕ್ಷೆ ಅಲ್ಲ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಅನ್ನೋ 38 ಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದಿದ್ದು ಮರಕ್ಕೆ ಪಾಲಿಶ್ ಮಾಡೋರು ಬಿಟ್ಟುಹೋದ ಲಿನ್ಸೀಡ್ ಎಣ್ಣೆ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಜೀವ ಕಳ್ಕೊಂಡ್ರು. ಹಾಗಾಗಿ ಮಷಿನ್ ಒರೆಸಿದ, ಎಣ್ಣೆ ಸೋಸಿದ ಬಟ್ಟೆಯನ್ನ ತಕ್ಷಣ ನೀರಲ್ಲಿ ನೆನೆಸಿ ಸೋಪು ಹಾಕಿ ತೊಳೀರಿ, ಇಲ್ಲಾ ಹೊರಗೆ ಬಿಡಿಸಿ ಹರಡಿ ಒಣಗಿಸಿ. ಡಸ್ಟ್‌ಬಿನ್‌ಗೆ ತುರುಕಬೇಡಿ. ಹಾಗೇ ಪೇಂಟ್ ಅಂಗಡಿಯ ಲಿನ್ಸೀಡ್ ಆಯಿಲ್ ತಿನ್ನೋಕಲ್ಲ. ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಲವಣಗಳನ್ನ ಸೇರಿಸಿರ್ತಾರೆ. ಬಿತ್ತನೆಗೆ ಅಂತ ಮದ್ದು ಹಚ್ಚಿದ ಬೀಜವನ್ನೂ ಅಡುಗೆಗೆ ತರಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಎಣ್ಣೆ ತೆಗೆದ ಮೇಲೆ ಏನು ಉಳಿಯುತ್ತೆ? ಒಂದು ಕೆಜಿ ಬೀಜದಿಂದ ಸುಮಾರು 700 ಗ್ರಾಂ ಹಿಂಡಿ. ಬೀಜದಲ್ಲಿದ್ದ ಸುಮಾರು 180 ಗ್ರಾಂ ಪ್ರೋಟೀನ್, 270 ಗ್ರಾಂ ನಾರು ಹೆಚ್ಚುಕಡಿಮೆ ಪೂರ್ತಿ ಆ ಹಿಂಡಿಯಲ್ಲೇ ಇರುತ್ತೆ. 100 ಗ್ರಾಂಗಿಂತ ಹೆಚ್ಚು ಎಣ್ಣೆಯೂ ಅದರಲ್ಲೇ ಸಿಕ್ಕಿಕೊಂಡಿರುತ್ತೆ. ಅಂದ್ರೆ ನಾವು 15,000 ರೂಪಾಯಿ ಮಷಿನ್ ತಂದು, ಬೇಗ ಕೆಡೋದನ್ನ ಬಾಟಲಿಗೆ ತುಂಬಿ, ಗಟ್ಟಿಯಾಗಿರೋದನ್ನ ಎಮ್ಮೆಗೆ ಹಾಕ್ತೀವಿ. ಎಮ್ಮೆಗೆ ಲಾಭ.

ಹಿಂಡಿ ಅನ್ನೋ ಪದವನ್ನೇ ನೋಡಿ. ಹಿಂಡಿದ ಮೇಲೆ ಉಳಿಯೋದು ಹಿಂಡಿ. ಆದರೆ ಧಾರವಾಡ, ಗದಗ, ವಿಜಯಪುರದ ಕಡೆ ಊಟಕ್ಕೆ ಕೂತು ಅಗಸಿ ಹಿಂಡಿ ಕೇಳಿದ್ರೆ ಬರೋದು ದನದ ಮೇವಲ್ಲ, ಜೋಳದ ರೊಟ್ಟಿ ಪಕ್ಕಕ್ಕೆ ಚಟ್ನಿಪುಡಿ. ಬೀಜ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದ್ದು. ಅಲ್ಲಿ ಎಣ್ಣೆ ತೆಗೆದೇ ಇಲ್ಲ. ಎಣ್ಣೆ, ನಾರು, ಪ್ರೋಟೀನ್ ಎಲ್ಲಾ ಒಟ್ಟಿಗೆ ತಟ್ಟೆಗೆ ಬರುತ್ತೆ.

ಅದಕ್ಕೆ ನನ್ನ ಮಾತು ಇಷ್ಟೇ. ಆರೋಗ್ಯಕ್ಕಾಗಿ ಅಂದ್ರೆ ಹಿಂಡೋದು ಬೇಡ, ಅರೀರಿ. ಇಡೀ ಬೀಜ ನುಂಗಿದ್ರೆ ಬಹುಪಾಲು ಹಾಗೇ ಹೊರಗೆ ಹೋಗುತ್ತೆ, ಸಿಪ್ಪೆ ಅಷ್ಟು ಗಟ್ಟಿ. ಪುಡಿ ಮಾಡಿದ್ರೆ ದೇಹಕ್ಕೆ ಸಿಗುತ್ತೆ. ಒಂದು ದೊಡ್ಡ ಚಮಚ ಪುಡಿ, ಅಂದ್ರೆ 7 ಗ್ರಾಂನಲ್ಲಿ, ಸುಮಾರು 1.6 ಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲ ಇರುತ್ತೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ದಿನಕ್ಕೆ ಸಾಕು ಅಂತ ಇಟ್ಟಿರೋ ಪ್ರಮಾಣ ಗಂಡಸರಿಗೆ 1.6, ಹೆಂಗಸರಿಗೆ 1.1 ಗ್ರಾಂ. ಒಂದು ಚಮಚಕ್ಕೆ ಕೆಲಸ ಮುಗೀತು. ತಿಂಗಳಿಗೆ 210 ಗ್ರಾಂ ಬೀಜ, ನಮ್ಮ ಲೆಕ್ಕದಲ್ಲಿ ಒಬ್ಬರಿಗೆ 32 ರೂಪಾಯಿ.

ಅರೆಯೋ ವಿಧಾನ ಹೇಳ್ತೀನಿ. ಜಾರು ಪೂರ್ತಿ ಒಣಗಿರಬೇಕು. ಈ ಬೀಜಕ್ಕೆ ನೀರು ತಾಗಿದ್ರೆ ಲೋಳೆ ಬಿಡುತ್ತೆ. ಸಣ್ಣ ಉರಿಯಲ್ಲಿ ಚಟಪಟ ಅನ್ನೋ ತನಕ ಹುರಿದು, ಪೂರ್ತಿ ಆರಿಸಿ. ಮಿಕ್ಸಿಯನ್ನ ಒಂದೇ ಸಮ ಓಡಿಸ್ಬೇಡಿ. ಎರಡು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ ನಿಲ್ಲಿಸಿ. ತರಿತರಿ ಇದ್ದಾಗಲೇ ಸಾಕು. ವಾರಕ್ಕಾಗುವಷ್ಟೇ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ಗೆ. ಇಡೀ ಬೀಜ ತಿಂಗಳುಗಟ್ಟಲೆ ಇರುತ್ತೆ, ಯಾಕಂದ್ರೆ ಅದರ ಸಿಪ್ಪೆಯೇ ಅದಕ್ಕೆ ಬಾಟಲಿ. ಮಜ್ಜಿಗೆಗೆ ಹಾಕಿ, ರೊಟ್ಟಿ ಹಿಟ್ಟಿಗೆ ಹಾಕಿ. ಮೊದಲ ವಾರ ಒಂದು ಸಣ್ಣ ಚಮಚದಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡೀರಿ. ನಾರು ಜಾಸ್ತಿ, ಹೊಟ್ಟೆಗೆ ಅಭ್ಯಾಸ ಆಗ್ಬೇಕು.

ಹಾಗಾದ್ರೆ ಮಷಿನ್ ಯಾರಿಗೂ ಬೇಡ್ವಾ? ಬೇಕಾಗಬಹುದು. ಹೊಲದಲ್ಲೇ ಅಗಸಿ ಬೆಳೆಯೋರಿಗೆ, ಕಡಲೆಕಾಯಿ, ಎಳ್ಳು, ಕೊಬ್ಬರಿ ಎಲ್ಲಾ ಅದರಲ್ಲೇ ಹಿಂಡೋರಿಗೆ, ಮನೆಯಲ್ಲಿ ದನ ಇದ್ದು ಹಿಂಡಿಗೂ ಬೆಲೆ ಇರೋರಿಗೆ ಲೆಕ್ಕ ಬೇರೆ ಆಗುತ್ತೆ. ನಾಲ್ಕು ಮನೆ ಸೇರಿ ಒಂದು ತಗೊಂಡ್ರೂ ಆಗುತ್ತೆ. ಒಬ್ಬರೇ, ಬರೀ ಅಗಸೆಗೆ, ಅದೂ ಸಾಲ ಮಾಡಿ ಅಂದ್ರೆ ಕೂಡಿ ಬರಲ್ಲ.

ಕೊನೆಗೆ ಹಾವೇರಿಯ ಗೆಳೆಯರಿಗೆ. ನಿಮ್ಮ ತಂದೆಯ ವಿಷಯದಲ್ಲಿ ಒಂದೇ ವಿನಂತಿ. ಎಣ್ಣೆ ಆಗ್ಲಿ ಪುಡಿ ಆಗ್ಲಿ, ಮಾತ್ರೆಯ ಬದಲಿಗಲ್ಲ. ಸ್ಟೆಂಟ್ ಆದೋರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟಿರ್ತಾರೆ, ಅದನ್ನ ತಮ್ಮಷ್ಟಕ್ಕೆ ನಿಲ್ಲಿಸಿದ್ರೆ ಪ್ರಾಣಕ್ಕೇ ಕುತ್ತು. ಸಸ್ಯದ ಒಮೆಗಾ-3ಯಲ್ಲಿ ಸಣ್ಣ ಪಾಲು ಮಾತ್ರ ನಮ್ಮ ದೇಹದಲ್ಲಿ ಮೀನಿನಲ್ಲಿ ಸಿಗೋ ರೂಪಕ್ಕೆ ಬದಲಾಗುತ್ತೆ. ಹಾಗಾಗಿ ರೀಲ್‌ನವರು ಹೇಳೋಷ್ಟು ಪವಾಡ ನಿರೀಕ್ಷಿಸಬೇಡಿ. ಮುಂದಿನ ಚೆಕಪ್‌ಗೆ ಹೋದಾಗ ದಿನಕ್ಕೆ ಒಂದು ಚಮಚ ಅಗಸಿ ಪುಡಿ ತಿನ್ಬಹುದಾ ಅಂತ ಡಾಕ್ಟರನ್ನ ಕೇಳಿ. ಸರಿ ಅಂದ್ರೆ, ಮಾತ್ರೆ ಹೊತ್ತಿಗೆ ಬೇಡ, ಒಂದೆರಡು ಗಂಟೆ ಅಂತರ ಇರ್ಲಿ. ನಾರು ಮಾತ್ರೆಯನ್ನ ಹಿಡಿದಿಟ್ಕೋಬಹುದು. ಆ 1,250 ರೂಪಾಯಿ ಕಂತು ಅಪ್ಪನ ಔಷಧಿ ಡಬ್ಬಕ್ಕೇ ಇರ್ಲಿ.

ನಿಮ್ಮ ಮನೇಲಿ ಅಗಸಿ ಹಿಂಡಿಗೆ ಬೇರೆ ಏನಾದ್ರೂ ಹಾಕ್ತಾರಾ? ಒಂದು ವಾಯ್ಸ್ ಮೆಸೇಜ್ ಕಳಿಸಿ, ಕೇಳಿಸೋಣ. ಮುಂದಿನ ವಾರ ಇನ್ನೊಂದು ಲೆಕ್ಕದ ಜೊತೆ ಸಿಗ್ತೀನಿ. ನಮಸ್ಕಾರ.