ಮನೆಮಂದಿಯ ಬಿಡಾರ

ಡಿಸೆಂಬರ್ ತಿಂಗಳು ಬಂತೆಂದರೆ ಮಕ್ಕಳಿಗೆ ರಜೆ, ಆಕಾಶ ತಿಳಿ, ಹೊಳೆಗಳಲ್ಲಿ ನೀರು ಕಡಿಮೆ. ಮನೆಮಂದಿಯೆಲ್ಲ ಒಂದೆರಡು ರಾತ್ರಿ ಗುಡಾರದಲ್ಲಿ ಕಳೆದು ಬರೋಣ ಎಂಬ ಆಸೆ ಸಹಜ. ಆದರೆ ಆ ರಾತ್ರಿ ಸುಖವಾಗಿ ಕಳೆಯುವುದು ಗುಡಾರದ ಬೆಲೆಯಿಂದಲ್ಲ, ಅದನ್ನು ಹಾಕಿದ ಜಾಗದಿಂದ. ಆದ್ದರಿಂದ ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ತಲುಪಿ, ಬೆಳಕಿನಲ್ಲಿ ಜಾಗ ಆರಿಸಿ.

ಕಾಡಿನಲ್ಲಿ ಕಂಡಕಂಡಲ್ಲಿ ಬಿಡಾರ ಹೂಡುವಂತಿಲ್ಲ. ಅಭಯಾರಣ್ಯದ ಪ್ರವೇಶಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಮೊದಲ ಸಲ ಹೊರಡುವವರಿಗೆ ಕಾವೇರಿ ದಡದ ಭೀಮೇಶ್ವರಿ, ಗಾಳಿಬೋರೆಗಳಲ್ಲಿರುವ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳಂಥವೇ ಅನುಕೂಲ.

ಹೊಳೆಯ ನಡುವಿನ ಮರಳುದಿಣ್ಣೆ ನೋಡಲು ಮೆತ್ತಗೆ, ಮಟ್ಟಸವಾಗಿರುತ್ತದೆ. ಮಕ್ಕಳು ಅಲ್ಲೇ ಇರೋಣ ಎನ್ನುತ್ತಾರೆ. ಒಪ್ಪಬೇಡಿ. ಮೇಲೆಲ್ಲೋ ಮಳೆಯಾದರೆ, ಅಣೆಕಟ್ಟಿನಿಂದ ನೀರು ಬಿಟ್ಟರೆ, ನಿಮ್ಮ ತಲೆಯ ಮೇಲೆ ಮೋಡವೇ ಇಲ್ಲದಿದ್ದರೂ ನೀರು ಏರುತ್ತದೆ. ದಡದ ಪೊದೆಗಳನ್ನು ಗಮನಿಸಿ. ಒಣಹುಲ್ಲು, ಕಸಕಡ್ಡಿ ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿವೆಯೋ ಅಲ್ಲಿಯವರೆಗೆ ಹಿಂದೆ ನೀರು ಬಂದಿದೆ ಎಂದರ್ಥ. ಗುಡಾರ ಅದಕ್ಕಿಂತ ಮೇಲಿರಲಿ. ಲದ್ದಿ, ಹೆಜ್ಜೆಗುರುತು ಕಂಡರೆ ಅದು ಪ್ರಾಣಿಗಳು ನೀರಿಗಿಳಿಯುವ ದಾರಿ. ಅಲ್ಲಿಂದಲೂ ದೂರ ಸರಿಯಿರಿ.

ಮುತ್ತತ್ತಿ, ಮೇಕೆದಾಟುಗಳಲ್ಲಿ ಈಜು ಬಲ್ಲವರೂ ಜೀವ ಕಳೆದುಕೊಂಡಿದ್ದಾರೆ. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಬಂಡೆಯ ಸಂದು, ಸುಳಿ ಇರುತ್ತವೆ. ಮಕ್ಕಳು ನೀರಿನ ಬಳಿ ಇರುವಷ್ಟು ಹೊತ್ತೂ ದೊಡ್ಡವರೊಬ್ಬರು ಬೇರೆ ಕೆಲಸವಿಲ್ಲದೆ, ಕೈಯಲ್ಲಿ ಫೋನಿಲ್ಲದೆ ಕಾವಲಿರಬೇಕು. ಎಲ್ಲರೂ ನೋಡುತ್ತಿದ್ದೇವೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಲೆಕ್ಕ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಧುಮುಕಬೇಡಿ. ಹಗ್ಗ, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ.

ಇನ್ನು ನೆಲದ ಮಾತು. ಹುತ್ತ, ಕಲ್ಲುಗುಡ್ಡೆ, ಒಣಕೊಂಬೆಯ ಮರದಡಿ ಬೇಡ. ಕಟ್ಟುಹಾವು ರಾತ್ರಿ ಸಂಚರಿಸುತ್ತದೆ; ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೇ ತಿಳಿಯದಿರಬಹುದು. ಬೆಳಿಗ್ಗೆ ಹೊಟ್ಟೆನೋವು, ಕಣ್ಣರೆಪ್ಪೆ ಜೋತುಬೀಳುವುದು ಕಂಡರೆ ತಡಮಾಡಬೇಡಿ. ಗುಡಾರದ ಜಿಪ್ ಸದಾ ಮುಚ್ಚಿರಲಿ, ಬೂಟು ಕೊಡವಿ ಹಾಕಿಕೊಳ್ಳಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ರಕ್ತ ಹೀರುವುದು, ಬಿಗಿಯಾಗಿ ಕಟ್ಟುವುದು ತಪ್ಪು. ಧೈರ್ಯ ಹೇಳಿ, ಕಚ್ಚಿದ ಭಾಗ ಅಲುಗದಂತೆ ಇರಿಸಿ, 108ಕ್ಕೆ ಕರೆ ಮಾಡಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದು ಇದೆ ಎಂಬುದನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ.

ಮಲೆನಾಡಿಗೆ ಹೋಗುವವರಿಗೆ ಮತ್ತೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಬಿಡಾರಕ್ಕೆ ಹದವಾದ ಕಾಲದಲ್ಲೇ, ಅದರ ಹಾವಳಿ ಹೆಚ್ಚು. ಕಾಯಿಲೆ ಕಾಣಿಸಿಕೊಂಡ ಊರಿನ ಕಾಡಿಗೆ ಹೋಗಬೇಡಿ. ತರಗೆಲೆಯ ಮೇಲೆ ಕೂರಬೇಡಿ, ಮೈತುಂಬ ಬಟ್ಟೆ ಹಾಕಿ, ಸಂಜೆ ಮಕ್ಕಳ ಮೈ ತಪಾಸಣೆ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ. ಹಿಂತಿರುಗಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯದಿರಿ.

ಚಳಿಯೆಂದು ಕೆಂಡದ ಬಾಂಡಲೆಯನ್ನು ಗುಡಾರದೊಳಗೆ ಇಡಲೇಬಾರದು. ಹೊಗೆ ಇಲ್ಲದಿದ್ದರೂ ಕೆಂಡದಿಂದ ಹೊರಡುವ ವಿಷಾನಿಲ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಇನ್ನೊಂದು ಕಂಬಳಿ ಒಯ್ಯಿರಿ. ಕುಡಿಯುವ ನೀರನ್ನು ಕುದಿಸಿ ಆರಿಸಿಕೊಳ್ಳಿ. ಭೇದಿಯಾದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಿ.

ಕೊನೆಯದಾಗಿ, ಎಲ್ಲಿಗೆ ಹೋಗುತ್ತೀರಿ, ಯಾವಾಗ ಮರಳುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದು ಪಕ್ಕದ ಮನೆಯವರಿಗೆ ಕೊಟ್ಟು ಹೊರಡಿ. ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಮರಳುವಾಗ ಬೆಂಕಿಗೆ ನೀರು ಸುರಿದು, ಬೂದಿ ತಣ್ಣಗಾಗಿದೆಯೇ ಎಂದು ಕೈಯಿಟ್ಟು ನೋಡಿ, ನಿಮ್ಮ ಕಸವನ್ನು ನೀವೇ ಚೀಲದಲ್ಲಿ ತುಂಬಿಕೊಂಡು ಬನ್ನಿ.