ಗಣಿತದಲ್ಲಿ ಹಿಂದೆ ಬಿದ್ದವರು ಮತ್ತೆ ಪರೀಕ್ಷೆಗೆ ಕೂಡುವಾಗ

(ಸಂಘದ ಅಭ್ಯಾಸ ವರ್ಗದ ಕೂಟದಲ್ಲಿ ಮಾಡಿದ ಭಾಷಣ)



ಹಿಂದೆ ಮುಂಬಯಿಯಲ್ಲಿ ನಮ್ಮ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಪಾಸಾದರೆ ಅದೇ ದೊಡ್ಡ ಸಂಗತಿಯಾಗಿತ್ತು. ಇಂದು ಅದೇ ರೀತಿ ದುಡಿಯುತ್ತ ಓದಿ ಪದವಿ ಪಡೆದವರು ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಕೂಡುತ್ತಿದ್ದಾರೆ. ಇದು ಸಂತೋಷದ ಮಾತು. ಆದರೆ ಕೆಲವರು ಒಂದು ಸಲ ಕುಳಿತು, ಭಾಷೆಯ ಭಾಗದಲ್ಲಿ ಚೆನ್ನಾಗಿ ಮಾಡಿ, ಗಣಿತದಲ್ಲಿ ಹಿಂದೆ ಬಿದ್ದಿದ್ದಾರೆ. "ಗಣಿತ ನಮ್ಮಂಥವರಿಗಲ್ಲ, ಇನ್ನು ಸಾಕು" ಎನ್ನುತ್ತಿದ್ದಾರೆ. ಊರಿಗೆ ಹಣ ಕಳುಹಿಸಬೇಕಾದವನು ಎರಡನೆಯ ಸಲ ಫೀ ಕಟ್ಟಲು ಹಿಂದೆ ಮುಂದೆ ನೋಡುವುದು ಸಹಜವೇ. ಆದ್ದರಿಂದಲೇ ಈ ವಿಷಯವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಭಯದ ಮಾತು. ನಾವು ಮಿಡ್ಲ್ ಸ್ಕೂಲಿನ ಆಚೆಗೆ ಹೋದವರಲ್ಲ. ಆದರೂ ಈ ಪರೀಕ್ಷೆಯ ಹಳೆಯ ಪ್ರಶ್ನೆಗಳನ್ನು ಹುಡುಗರು ಓದಿ ಹೇಳಿದಾಗ ನಮಗೆ ಆಶ್ಚರ್ಯವಾಯಿತು. ಶೇಕಡಾ, ಪ್ರಮಾಣ, ಸರಾಸರಿ, ಲಾಭ-ನಷ್ಟ, ಮಿಶ್ರಣ, ಕಾಲ ಮತ್ತು ಕೆಲಸ: ಪ್ರಶ್ನೆಗಳಲ್ಲಿ ದೊಡ್ಡ ಪಾಲು ಇವೇ. ಬೀಜಗಣಿತ, ರೇಖಾಗಣಿತ ಆಮೇಲೆ ಬರುತ್ತವೆ. ಈ ಲೆಕ್ಕಗಳನ್ನು ನಾವು ದಿನವೂ ಮಾಡುವವರು. ಕಿಲೋಗೆ 600 ರೂಪಾಯಿಯ ಕಾಫಿಪುಡಿಗೆ 200 ರೂಪಾಯಿಯ ಚಿಕೋರಿ ಬೆರೆಸಿ 500 ರೂಪಾಯಿ ಬೀಳುವಂತೆ ಮಾಡಬೇಕಾದರೆ ಯಾವ ಪ್ರಮಾಣದಲ್ಲಿ ಬೆರೆಸಬೇಕು? ಮೂರು ಪಾಲು ಕಾಫಿ, ಒಂದು ಪಾಲು ಚಿಕೋರಿ. ಒಬ್ಬ ಭಟ್ಟರು ಆರು ಗಂಟೆಯಲ್ಲಿ ಮುಗಿಸುವ ಕೆಲಸವನ್ನು ಇನ್ನೊಬ್ಬರು ಮೂರು ಗಂಟೆಯಲ್ಲಿ ಮುಗಿಸಿದರೆ, ಇಬ್ಬರೂ ಕೂಡಿ ಎರಡು ಗಂಟೆಯಲ್ಲಿ ಮುಗಿಸುತ್ತಾರೆ. 80 ರೂಪಾಯಿಯ ದೋಸೆ 100 ಆದರೆ ಏರಿದ್ದು ಶೇಕಡಾ 25. ತಿರುಗಿ 80ಕ್ಕೆ ಇಳಿಸಿದರೆ ಇಳಿದದ್ದು ಶೇಕಡಾ 20 ಮಾತ್ರ. ಗಲ್ಲೆಯ ಮೇಲೆ ಕುಳಿತವನಿಗೆ ಇದು ತಿಳಿಯದ್ದೇನಲ್ಲ. ಪರೀಕ್ಷೆಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ, ಸುತ್ತು ಬಳಸಿ, ಗಡಿಯಾರ ಎದುರಿಗಿಟ್ಟು ಕೇಳುತ್ತಾರೆ. ಕಷ್ಟ ಇರುವುದು ಅಲ್ಲಿ.

ಈಗ ಪರೀಕ್ಷೆಯ ಸ್ವರೂಪ ನೋಡೋಣ. ಐ.ಐ.ಎಂ.ಗಳು ನಡೆಸುವ ಕ್ಯಾಟ್ ಪರೀಕ್ಷೆ ವರ್ಷಕ್ಕೆ ಒಂದೇ ಸಲ. 2024ರಲ್ಲಿ ಗಣಿತ ಭಾಗದಲ್ಲಿ 22 ಪ್ರಶ್ನೆಗಳಿದ್ದವು, ಕಾಲಾವಕಾಶ 40 ನಿಮಿಷ. ಒಂದು ಪ್ರಶ್ನೆಗೆ ಎರಡು ನಿಮಿಷವೂ ಪೂರ್ತಿ ಸಿಗುವುದಿಲ್ಲ. ಸರಿಯುತ್ತರಕ್ಕೆ 3 ಅಂಕ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆ ತಪ್ಪಿದರೆ 1 ಅಂಕ ಕಳೆಯುತ್ತಾರೆ. ಉತ್ತರವನ್ನು ನಾವೇ ಬರೆಯಬೇಕಾದ ಪ್ರಶ್ನೆಗೆ ಕಳೆಯುವುದಿಲ್ಲ. ಇಲ್ಲೊಂದು ಲೆಕ್ಕ ಗಮನಿಸಿರಿ. ಆರಿಸುವ ಪ್ರಶ್ನೆಗಳಲ್ಲಿ ಒಬ್ಬನು ಹತ್ತನ್ನು ಮುಟ್ಟಿ ಒಂಬತ್ತು ಸರಿ ಮಾಡಿದರೆ ಅವನಿಗೆ 26 ಅಂಕ. ಇನ್ನೊಬ್ಬನು ಹದಿನೆಂಟನ್ನು ಮುಟ್ಟಿ ಅದೇ ಒಂಬತ್ತು ಸರಿ ಮಾಡಿದರೆ 18 ಅಂಕ. ಇಬ್ಬರ ಜ್ಞಾನವೂ ಒಂದೇ. ಎರಡನೆಯವನು ಕಣ್ಣು ಮುಚ್ಚಿ ಹೊಡೆದು ಎಂಟು ಅಂಕ ಕಳೆದುಕೊಂಡ. ಮಹಾರಾಷ್ಟ್ರದ ಎಂ.ಬಿ.ಎ. ಸಿ.ಇ.ಟಿ.ಯ ರೀತಿ ಬೇರೆ. 2024ರಲ್ಲಿ ಅದರಲ್ಲಿ 150 ನಿಮಿಷಕ್ಕೆ 200 ಪ್ರಶ್ನೆ, ತಪ್ಪಿದರೆ ಅಂಕ ಕಳೆಯುವುದಿಲ್ಲ. ಅಲ್ಲಿ ಒಂದನ್ನೂ ಖಾಲಿ ಬಿಡಬಾರದು. ಅರ್ಜಿ ಹಾಕುವ ವರ್ಷದ ನಿಯಮವನ್ನು ಮೊದಲು ಓದಿಕೊಳ್ಳಿರಿ.

ಇನ್ನೊಂದು ಮಾತು. ಕ್ಯಾಟ್‌ನಲ್ಲಿ ಹೇಳುವ ಪರ್ಸೆಂಟೈಲ್ ಎಂಬುದು ನೂರಕ್ಕೆ ಇಷ್ಟು ಅಂಕ ಎಂದಲ್ಲ. 80 ಪರ್ಸೆಂಟೈಲ್ ಎಂದರೆ ನೂರರಲ್ಲಿ ಸುಮಾರು ಎಂಬತ್ತು ಜನ ನಮಗಿಂತ ಕೆಳಗಿದ್ದಾರೆ ಎಂದು ಅರ್ಥ. ಐ.ಐ.ಎಂ.ಗಳು ಪ್ರತಿ ಭಾಗಕ್ಕೂ ಬೇರೆ ಬೇರೆ ಕನಿಷ್ಠ ಮಟ್ಟ ಇಡುತ್ತವೆ. ಆದ್ದರಿಂದ ಇಂಗ್ಲಿಷಿನ ಬಲದ ಮೇಲೆ ಗಣಿತವನ್ನು ದಾಟಿಕೊಂಡು ಹೋಗುತ್ತೇನೆಂದರೆ ಆಗುವುದಿಲ್ಲ.

ಹಾಗಾದರೆ ಎರಡನೆಯ ಸಲ ಮಾಡಬೇಕಾದದ್ದೇನು? ಹೆಚ್ಚಿನವರು ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದಲು ಹಿಡಿಯುತ್ತಾರೆ. ಬಂದದ್ದೇ ಮತ್ತೆ ಬರುತ್ತದೆ, ಬಾರದ್ದು ಹಾಗೆಯೇ ಉಳಿಯುತ್ತದೆ. ಮೊದಲು ಹೋದ ಸಲದ ಲೆಕ್ಕ ತಪಾಸಣೆಯಾಗಬೇಕು. ಕ್ಯಾಟ್ ಮುಗಿದ ಮೇಲೆ ಪ್ರತಿಯೊಬ್ಬನ ಉತ್ತರಗಳನ್ನೂ ಸರಿಯುತ್ತರಗಳನ್ನೂ ಅವರ ಜಾಲತಾಣದಲ್ಲಿ ನೋಡಲು ಕೊಡುತ್ತಾರೆ. ಅದನ್ನು ಆಗಲೇ ಇಳಿಸಿಟ್ಟುಕೊಳ್ಳಬೇಕು. ಇಲ್ಲದವರು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು 40 ನಿಮಿಷ ಗಡಿಯಾರ ಇಟ್ಟು ಮಾಡಲಿ. ಆಮೇಲೆ ಸರಿಯಾಗದ ಪ್ರಶ್ನೆಗಳನ್ನು ಮೂರು ಗುಂಪು ಮಾಡಬೇಕು.

ಒಂದು, ದಾರಿಯೇ ಗೊತ್ತಿಲ್ಲದವು. ಇದಕ್ಕೆ ಕಲಿಯುವುದೊಂದೇ ಉಪಾಯ. ಎಲ್ಲವನ್ನೂ ಹಿಡಿಯಬೇಡಿ. ಪದೇ ಪದೇ ಬರುವ ಅಂಕಗಣಿತದ ಪಾಠಗಳನ್ನು ಮೊದಲು ಗಟ್ಟಿ ಮಾಡಿರಿ. ಎಂಟನೆಯಿಂದ ಹತ್ತನೆಯವರೆಗಿನ ಶಾಲಾ ಪುಸ್ತಕ ತೆರೆಯಲು ನಾಚಬೇಡಿ.

ಎರಡು, ಗೊತ್ತಿದ್ದೂ ತಪ್ಪಿದವು. ಗುಣಾಕಾರ ತಪ್ಪಿತೆ? ಪ್ರಶ್ನೆ ಅವಸರದಲ್ಲಿ ಓದಿದಿರೆ? ಪ್ರತಿ ತಪ್ಪಿನ ಕಾರಣವನ್ನು ಒಂದು ವಹಿಯಲ್ಲಿ ಒಂದು ಸಾಲು ಬರೆಯಿರಿ, ವಾರಕ್ಕೊಮ್ಮೆ ಓದಿರಿ. ಒಂದು ತಿಂಗಳಿನಲ್ಲಿ ಒಂದೇ ತಪ್ಪು ಎಷ್ಟು ಸಲ ಬಂದಿದೆ ಎಂದು ತಿಳಿಯುತ್ತದೆ. ಈ ಗುಂಪಿನ ಅಂಕಗಳು ಬೇಗ ಕೈಗೆ ಬರುತ್ತವೆ.

ಮೂರು, ಬರುತ್ತಿದ್ದರೂ ಮುಟ್ಟಲು ಹೊತ್ತು ಸಾಲದವು. ಮೊದಲಿಗೆ ಎಲ್ಲ ಪ್ರಶ್ನೆಗಳ ಮೇಲೂ ಕಣ್ಣಾಡಿಸಿ ಸುಲಭವಾದವನ್ನು ಮುಗಿಸಿರಿ. ಎರಡು ನಿಮಿಷದಲ್ಲಿ ದಾರಿ ಕಾಣದಿದ್ದರೆ ಬಿಟ್ಟು ಮುಂದೆ ಹೋಗಿರಿ. ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ ನಿಜ. ಚಿಕ್ಕ ಲೆಕ್ಕಕ್ಕೂ ಅದನ್ನು ಒತ್ತುತ್ತ ಕುಳಿತರೆ ಹೊತ್ತು ಹೋಗುತ್ತದೆ. ಇಪ್ಪತ್ತರವರೆಗೆ ಮಗ್ಗಿ, ಮೂವತ್ತರವರೆಗೆ ವರ್ಗ ಬಾಯಿಗೆ ಬರಲಿ. ಟೇಬಲು ಒರೆಸುತ್ತಲೂ ಹೇಳಿಕೊಳ್ಳಬಹುದು.

"ಓದಲು ಹೊತ್ತೆಲ್ಲಿ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಸಂಜೆಯ ಪಾಳಿಗೆ ಮುಂಚೆ ಸಿಗುವ ಒಂದು ಗಂಟೆ ಹೊಸ ಪಾಠಕ್ಕೆ ಇರಲಿ. ರಾತ್ರಿ ದಣಿದ ಮೇಲೆ ಹೊಸತು ತಲೆಗೆ ಹತ್ತುವುದಿಲ್ಲ. ಆಗ ತಪ್ಪಿನ ವಹಿ ತಿರುವಿ ಹಾಕಿರಿ. ವಾರದ ರಜೆಯ ದಿನ ಪೂರ್ತಿ ಪತ್ರಿಕೆ ಬರೆಯಿರಿ. ಆ ರಜೆ ಯಾರೂ ದಯೆಯಿಂದ ಕೊಡುವುದಲ್ಲ. 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯದೆಗೆ ಒಳಪಟ್ಟ ಸಂಸ್ಥೆಗಳಲ್ಲಿ ವಾರಕ್ಕೊಂದು ರಜೆ ಕಾರ್ಮಿಕನ ಹಕ್ಕು. ಅದು ಸಿಗದವರು ಸಂಘಕ್ಕೆ ಬಂದು ಹೇಳಿರಿ. ಮಾಲೀಕರೊಡನೆ ಮಾತನಾಡುವ ಕೆಲಸ ನಮ್ಮದು.

ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಜತೆ ದುಡಿಯುವ ಹುಡುಗ ಮತ್ತೆ ಪರೀಕ್ಷೆಗೆ ಕೂಡುವುದಾದರೆ, ಕೊನೆಯ ತಿಂಗಳು ಅವನಿಗೆ ಡಬಲ್ ಪಾಳಿ ಬೀಳದಂತೆ ನಿಮ್ಮಲ್ಲೇ ಹೊಂದಿಸಿಕೊಳ್ಳಿರಿ. "ಒಮ್ಮೆ ಸೋತವನು" ಎಂದು ಹಾಸ್ಯ ಮಾಡಬೇಡಿ. ಮನೆಯಲ್ಲಿ ಓದುವ ಹೆಣ್ಣುಮಕ್ಕಳಿಗೂ ಒಂದು ಗಂಟೆ ಬಿಡುವು ಮಾಡಿಕೊಡಿರಿ.

ತರುಣರೆ, ಎರಡನೆಯ ಸಲ ಎಲ್ಲರೂ ಗೆಲ್ಲುತ್ತೀರೆಂದು ನಾವು ಮಾತು ಕೊಡಲಾರೆವು. ಸೀಟುಗಳು ಕಡಿಮೆ, ಕೂಡುವವರು ಬಹಳ. ಆದರೆ ಎಲ್ಲಿ ತಪ್ಪಿದೆವೆಂದು ನೋಡದೆ "ಗಣಿತ ನಮಗಲ್ಲ" ಎಂದು ಬಿಟ್ಟುಕೊಡುವುದು ಬೇಡ. ಬರುವ ರವಿವಾರ ಹೋದ ಸಲದ ಉತ್ತರಗಳನ್ನು ತೆಗೆದುಕೊಂಡು ಸಂಘದ ಕೋಣೆಗೆ ಬನ್ನಿರಿ. ಕೂಡಿ ಕುಳಿತು ಮೂರು ಗುಂಪು ಮಾಡೋಣ.