ಚಕ್ಕಡಿ ದಾರಿಯ ಮೇಲೆ ಸೈಕಲ್ಲು

(ಉಪನ್ಯಾಸದ ಬರಹರೂಪ)



ಧಾರವಾಡದಿಂದ ಪಶ್ಚಿಮಕ್ಕೆ ಹೊರಟವರಿಗೆ ಎರಡು ಬಗೆಯ ದಾರಿಗಳು ದೊರೆಯುತ್ತವೆ. ಒಂದು, ಕೆಲಗೇರಿಯನ್ನು ದಾಟಿ ಅಳ್ನಾವರದತ್ತ ಸಾಗುವ ಗೋವಾ ರಸ್ತೆ. ಲಾರಿ, ಬಸ್ಸುಗಳ ಜೊತೆಗೆ ವಾರದ ಕೊನೆಗೆ ದಾಂಡೇಲಿಯ ಕಡೆ ಧಾವಿಸುವ ಕಾರುಗಳೂ ಅದರ ಮೇಲೆ ತುಂಬಿರುತ್ತವೆ. ಇನ್ನೊಂದು ಬಗೆಯ ದಾರಿಗೆ ಯಾವ ನಾಮಫಲಕವೂ ಇಲ್ಲ. ಅದು ಆಪೂಸು ಮಾವಿನ ತೋಟದ ಬೇಲಿಯ ಮಗ್ಗುಲಿಗೆ ತಿರುಗಿ, ಕೂರಿಗೆಯಲ್ಲಿ ಬಿತ್ತಿದ ಭತ್ತದ ಹೊಲಗಳ ನಡುವೆ ಇಳಿದು, ಕೆರೆಯ ಒಡ್ಡನ್ನು ಹತ್ತಿ, ಕುರುಚಲು ಕಾಡಿನೊಳಗೆ ಮರೆಯಾಗುತ್ತದೆ. ಮುಗದ, ಮಂಡಿಹಾಳ, ಕಲಕೇರಿ, ನಿಗದಿ ಮುಂತಾದ ಹಳ್ಳಿಗಳ ಸುತ್ತಲಿನ ಚಕ್ಕಡಿ ದಾರಿಗಳೆಂದರೆ ಇವೇ. ಹುಬ್ಬಳ್ಳಿ-ಧಾರವಾಡದ ಕೆಲವು ತರುಣ ತರುಣಿಯರು ಈಚಿನ ವರ್ಷಗಳಲ್ಲಿ ದಪ್ಪ ಟಾಯರಿನ ಸೈಕಲ್ಲುಗಳನ್ನೇರಿ ಇಂತಹ ದಾರಿಗಳನ್ನು ಅರಸತೊಡಗಿದ್ದಾರೆ. ಹಳ್ಳಿಗರು ಇದನ್ನು ನೋಡಿ ನಗುವುದೂ ಉಂಟು. ಡಾಂಬರಿನ ರಸ್ತೆಯಿರುವಾಗ ಕಲ್ಲುಮಣ್ಣಿನ ಮೇಲೆ ಹೋಗುವುದೇಕೆ ಎಂಬ ಪ್ರಶ್ನೆ ಸಹಜವಾದುದೇ ಆಗಿದೆ.

ಈ ಹವ್ಯಾಸಕ್ಕೆ ಹೊರನಾಡಿನಲ್ಲಿ ಗ್ರಾವೆಲ್ ಬೈಕಿಂಗ್ ಎಂಬ ಹೆಸರಿದೆ. ಹೆಸರು ಹೊಸದಾದರೂ ಅದಕ್ಕೆ ಬೇಕಾದ ನೆಲಕ್ಕೆ ಈ ಭಾಗದಲ್ಲಿ ಹಿಂದಿನಿಂದಲೂ ಒಂದು ಮಾತಿದೆ: ಗರಸು. ಜಂಬಿಟ್ಟಿಗೆಯ ಸಣ್ಣ ಹರಳುಗಳಿಂದ ಕೂಡಿದ ಈ ಕೆಂಪು ನೆಲವು ಮಳೆಯ ನೀರನ್ನು ಬೇಗ ಇಳಿಸಿಕೊಳ್ಳುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಗಾಲಿಗೆ ಗಟ್ಟಿಯಾಗಿ ಸಿಗುತ್ತದೆ. ಆದರೆ ಇದೇ ಸೈಕಲ್ಲನ್ನು ನವಲಗುಂದದ ಕಡೆಯ ಎರೆ ಹೊಲಗಳಲ್ಲಿ ಆಷಾಢದಲ್ಲಿ ಓಡಿಸಲು ಹೊರಟರೆ ಹತ್ತು ಮಾರು ದೂರವನ್ನೂ ಕ್ರಮಿಸಲಾಗದು. ಎರೆ ಮಣ್ಣಿನ ಜೇಡಿಯು ನೀರು ಕುಡಿದು ಉಬ್ಬಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಆಗ ಸೈಕಲ್ಲು ಸವಾರನನ್ನು ಹೊರುವ ಬದಲು ಸವಾರನೇ ಸೈಕಲ್ಲನ್ನು ಹೊರಬೇಕಾಗುತ್ತದೆ. ಪೂರ್ವದ ಎರೆಯಿಂದ ಪಶ್ಚಿಮದ ಗರಸಿಗೆ ಮಣ್ಣು ಬದಲಾಗುವುದು ಒಂದೇ ಜಿಲ್ಲೆಯೊಳಗೆ. ಧಾರವಾಡದ ದಿಬ್ಬವು ನೀರನ್ನೂ ಇಬ್ಭಾಗ ಮಾಡುತ್ತದೆ. ಮೂಡಣದ ಹಳ್ಳಗಳು ಮಲಪ್ರಭೆಯ ಮೂಲಕ ಬಂಗಾಳ ಕೊಲ್ಲಿಯ ಕಡೆಗೆ ಹರಿಯುತ್ತವೆ. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿಯನ್ನು ಸೇರಿ, ಗಂಗಾವಳಿಯೆಂಬ ಹೆಸರಿನಿಂದ ಪಡುವಣ ಕಡಲನ್ನು ಮುಟ್ಟುತ್ತದೆ. ಕಾರಿನಲ್ಲಿ ಕುಳಿತವರಿಗೆ ಈ ಏರಿಳಿತ ತಿಳಿಯದು. ತುಳಿಯುವವನ ಮೊಣಕಾಲಿಗೆ ತಿಳಿಯುತ್ತದೆ.

ಈ ದಾರಿಗಳು ವಿಹಾರಕ್ಕಾಗಿ ಹುಟ್ಟಿದವುಗಳಲ್ಲ. ರೈಲು ಬರುವ ಮುನ್ನ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಕಾಡು ಮತ್ತು ಘಟ್ಟಗಳನ್ನು ದಾಟಿ ಕುಮಟೆಯ ಬಂದರಿಗೆ ಸಾಗುತ್ತಿತ್ತು. ಆ ಬಂದರಿನ ಮೂಲಕ ಹೊರಟ ಕಾರಣಕ್ಕೇ ಇಲ್ಲಿನ ನಾಟಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರು ಬಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ತಲುಪದಾದಾಗ ಈ ಗಾಡಿದಾರಿಗಳ ಮೇಲಿನ ಒತ್ತಡ ಹೆಚ್ಚಿತು. 1880ರ ದಶಕದಲ್ಲಿ ರೈಲು ಬಂದು ಮುರಗಾವಿಯ ಬಂದರು ತೆರೆದ ಮೇಲೆ ಹತ್ತಿ ಆ ಕಡೆಗೆ ತಿರುಗಿತು. ದೊಡ್ಡ ವ್ಯಾಪಾರ ಕೈಬಿಟ್ಟ ಅನೇಕ ದಾರಿಗಳನ್ನು ರೈತರು, ದನಗಾಹಿಗಳು, ಕಟ್ಟಿಗೆಯ ಹೊರೆ ಹೊತ್ತ ಹೆಣ್ಣುಮಕ್ಕಳು, ಹಾಲು ಮಾರಲು ಬರುವ ಗೌಳಿಗರು ಜೀವಂತವಾಗಿ ಉಳಿಸಿಕೊಂಡರು. ಇಂದು ಸೈಕಲ್ ಸವಾರರು ಅನುಭವಿಸುವ ನಿಶ್ಶಬ್ದವು ಇವರ ಪಾದಗಳ ಗಳಿಕೆ ಎಂಬುದನ್ನು ಮರೆಯಬಾರದು.

ಫ್ರಾನ್ಸ್ ದೇಶದ ಗ್ರಾಮಾಂತರದ ಕಥೆ ಇಲ್ಲಿ ಪ್ರಸ್ತುತವಾಗುತ್ತದೆ. ಅಲ್ಲಿನ ಕಣಿವೆಗಳಲ್ಲಿಯೂ ಕಾಡುಗಳಲ್ಲಿಯೂ ವಾಹನಗಳ ಕಾಟವಿಲ್ಲದೆ ದಿನಗಟ್ಟಲೆ ಸೈಕಲ್ ತುಳಿಯಬಹುದು ಎಂದು ಹೋಗಿ ಬಂದವರು ಬಣ್ಣಿಸುತ್ತಾರೆ. ಅದು ತಾನಾಗಿ ಒದಗಿದ ಭಾಗ್ಯವಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಚಿಕ್ಕ ಹಿಡುವಳಿಗಳನ್ನು ಒಟ್ಟುಗೂಡಿಸಿ, ಟ್ರ್ಯಾಕ್ಟರು ತಿರುಗಲು ಅನುಕೂಲವಾಗುವಂತೆ ಹೊಲಗಳನ್ನು ಹಿರಿದು ಮಾಡಲಾಯಿತು. ಬದುಗಳ ಮೇಲಿನ ಜೀವಂತ ಬೇಲಿಗಳು ಕಿತ್ತುಹೋದವು; ಅವುಗಳ ಜೊತೆಗೆ ಹೊಲದಾರಿಗಳೂ ಹೋದವು. 1950ರಿಂದ ಈಚೆಗೆ ಆ ದೇಶವು ತನ್ನ ಬೇಲಿಸಾಲುಗಳಲ್ಲಿ ಸುಮಾರು ಶೇಕಡಾ 70ರಷ್ಟನ್ನು ಕಳೆದುಕೊಂಡಿದೆ ಎಂದು ಅಲ್ಲಿನ ಸರಕಾರವೇ ಒಪ್ಪಿಕೊಂಡಿದೆ. ಮಣ್ಣಿನ ಸವಕಳಿ, ಪಕ್ಷಿಗಳ ಇಳಿಕೆ, ನೆರೆಯ ಹಾವಳಿ ಕಂಡ ಬಳಿಕ ಜನರು ಎಚ್ಚತ್ತರು. ಉಳಿದ ಹೊಲದಾರಿಗಳು ಊರಿನ ಸ್ಥಳೀಯ ಆಡಳಿತದ ಸ್ವತ್ತಾಗಿವೆ. ಸಾರ್ವಜನಿಕ ವಿಚಾರಣೆ ನಡೆಸದೆ ಅವನ್ನು ಮಾರುವಂತಿಲ್ಲ. 2022ರ ಕಾಯ್ದೆಯೊಂದು, ಊರಿನವರು ತಮ್ಮ ದಾರಿಗಳ ಪಟ್ಟಿ ಮಾಡತೊಡಗಿದರೆ ಆ ಅವಧಿಯಲ್ಲಿ ಒತ್ತುವರಿದಾರನ ಅನುಭೋಗದ ಲೆಕ್ಕವೇ ಮುಂದೆ ಸಾಗದಂತೆ ತಡೆಯಿತು. ಇತ್ತ ಬಳಕೆ ತಪ್ಪಿದ ರೈಲು ಹಾದಿಗಳ ಹಳಿಗಳನ್ನು ಕಿತ್ತು, ನಡೆಯುವವರಿಗೂ ಸೈಕಲ್ಲಿಗರಿಗೂ ‘ಹಸಿರು ಹಾದಿ’ಗಳನ್ನು ಮಾಡಿದರು. ಇವುಗಳಲ್ಲಿ ಮೊದಲನೆಯದೆಂದು ಹೆಸರಾದ ಜಿವ್ರಿ-ಕ್ಲುನಿ ಹಾದಿಯು 44 ಕಿಲೋಮೀಟರು ಉದ್ದವಿದ್ದು, 1997ರಲ್ಲಿ ತೆರೆಯಿತು. ಅಂದರೆ, ಕಳೆದುಕೊಂಡ ನಂತರ ದುಡ್ಡು ಸುರಿದು ಮರಳಿ ಪಡೆದ ಸಂಪತ್ತು ಇದು. ಧಾರವಾಡದ ಹಳ್ಳಿಗಳಲ್ಲಿ ಈ ಸಂಪತ್ತು ಇನ್ನೂ ಪೂರ್ತಿಯಾಗಿ ಕಳೆದಿಲ್ಲ. ಕಳೆಯುವ ಕೆಲಸ ಮಾತ್ರ ಭರದಿಂದ ನಡೆದಿದೆ.

ಅದು ಹೇಗೆ ಕಳೆಯುತ್ತದೆ ಎಂಬುದನ್ನು ತುಸು ವಿವರವಾಗಿ ನೋಡಬೇಕು. ಗ್ರಾಮದ ನಕಾಶೆಯಲ್ಲಿ ಚಕ್ಕಡಿ ದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗೆರೆ. ಈ ಸೀಮೆಯಲ್ಲಿ ಮೊದಲ ಭೂಮಾಪನ ನಡೆದುದು 1840ರ ದಶಕದಲ್ಲಿ, ಮುಂಬಯಿ ಪ್ರಾಂತದ ಆಡಳಿತದಲ್ಲಿ. ನಕಾಶೆಯ ಗೆರೆ ಅಳಿಸುವುದಿಲ್ಲ, ನೆಲದ ಗೆರೆ ಅಳಿಯುತ್ತದೆ. ಪ್ರತಿ ಹಂಗಾಮಿಗೆ ರಂಟೆ ಒಂದೊಂದು ಸಾಲು ಮುಂದೆ ಸರಿಯುತ್ತದೆ; ಎರಡು ಚಕ್ಕಡಿ ಎದುರುಬದುರಾಗಿ ಹಾಯುತ್ತಿದ್ದ ಎಡೆಯಲ್ಲಿ ಒಂದು ಎತ್ತು ನಿಲ್ಲುವಷ್ಟು ಜಾಗ ಉಳಿಯುತ್ತದೆ. ಪೇಟೆಯವರು ಹೊಲ ಕೊಂಡು ತಂತಿಬೇಲಿ ಹಾಕಿದ ದಿನ ಅದೂ ಮುಗಿಯುತ್ತದೆ. ನಗರದ ಅಂಚಿನಲ್ಲಿ ಬಡಾವಣೆಗಳೂ ಬೈಪಾಸೂ ಈ ದಾರಿಗಳನ್ನು ತುಂಡರಿಸಿವೆ. ಹೊಲಕ್ಕೆ ಹೋಗುವ ದಾರಿಯ ವ್ಯಾಜ್ಯಗಳು ಅಣ್ಣತಮ್ಮಂದಿರ ನಡುವೆಯೇ ಎಷ್ಟಿವೆ ಎಂಬುದನ್ನು ಈ ಸಭೆಯಲ್ಲಿರುವ ಹಿರಿಯರಿಗೆ ಹೇಳಬೇಕಾಗಿಲ್ಲ.

ಕಾನೂನು ದುರ್ಬಲವಾಗಿಲ್ಲ. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 67ನೆಯ ಪ್ರಕರಣವು ಸಾರ್ವಜನಿಕ ರಸ್ತೆ, ಓಣಿ, ಹಾದಿಗಳೆಲ್ಲವೂ ಸರಕಾರದ ಸ್ವತ್ತೆಂದು ಸಾರುತ್ತದೆ. ಅವುಗಳ ಮೇಲಿನ ಜನರ ಹಕ್ಕನ್ನು ರದ್ದುಪಡಿಸಬೇಕಾದರೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಕೇಳಬೇಕೆಂದು ಮುಂದಿನ ಪ್ರಕರಣವು ಹೇಳುತ್ತದೆ. ಆದಕಾರಣ ‘ಯಾರೂ ಓಡಾಡುವುದಿಲ್ಲ, ಬಿಟ್ಟುಹೋದ ದಾರಿ’ ಎಂಬ ವಾದಕ್ಕೆ ಬೆಲೆಯಿಲ್ಲ. ಆದರೂ ವ್ಯವಹಾರದಲ್ಲಿ ಆ ವಾದವೇ ಗೆಲ್ಲುತ್ತಿದೆ. ಓಡಾಟ ನಿಂತ ದಾರಿಗೆ ಸಾಕ್ಷಿ ಹೇಳುವವರು ಇರುವುದಿಲ್ಲ. ಸೈಕಲ್ಲಿನ ಮಹತ್ವವಿರುವುದು ಇಲ್ಲಿಯೇ. ತಿಂಗಳಿಗೆ ನಾಲ್ಕು ಬಾರಿ ಗಾಲಿಯ ಗುರುತು ಬೀಳುವ ದಾರಿಯನ್ನು ಸತ್ತ ದಾರಿ ಎನ್ನಲಾಗದು.

ಡಾಂಬರು ಬೇಡವೆಂದು ಹಳ್ಳಿಗರಿಗೆ ಉಪದೇಶಿಸುವುದು ಇದರ ಅರ್ಥವಲ್ಲ. ಹೆರಿಗೆಗೆ ಹೊರಟ ಹೆಣ್ಣುಮಗಳಿಗೆ, ಕಾರ್ಖಾನೆಗೆ ಹೊರಟ ಕಬ್ಬಿಗೆ ಒಳ್ಳೆಯ ರಸ್ತೆ ಬೇಕೇ ಬೇಕು. ಪ್ರತಿ ಊರಿಗೂ ಅಂತಹ ಒಂದು ರಸ್ತೆ ಇರಲಿ, ಉಳಿದವು ಗರಸಿನವಾಗಿಯೇ ಉಳಿಯಲಿ ಎಂಬುದಷ್ಟೇ ವಾದ. ಉದ್ಯೋಗ ಖಾತರಿಯ ಹಣದಿಂದ ನಡೆದ ‘ನಮ್ಮ ಹೊಲ ನಮ್ಮ ದಾರಿ’ ಯೋಜನೆಯು ಅನೇಕ ಕಡೆ ಕೆಸರಿನ ದಾರಿಗಳಿಗೆ ಗರಸು ಹಾಕಿ ಬಹಳ ಉಪಕಾರ ಮಾಡಿದೆ. ಆದರೆ ಯಂತ್ರ ಬಳಸಿ ದಾರಿ ಅಗಲಿಸುವ ಭರದಲ್ಲಿ ಎರಡೂ ಮಗ್ಗುಲಿನ ಕವಳಿ, ಬಾರಿ, ನೇರಳೆ, ಹುಣಸೆಗಳನ್ನು ಬೇರುಸಹಿತ ಕೀಳುವುದು ಶುದ್ಧ ಅವಿವೇಕ. ದಾರಿಯು ಹೊಲಕ್ಕಿಂತ ತಗ್ಗಿನಲ್ಲಿರುವುದರಿಂದ ಮಳೆಗಾಲದಲ್ಲಿ ಅದೇ ಹಳ್ಳವಾಗುತ್ತದೆ. ಮಗ್ಗುಲಿನ ಬೇರುಗಳು ಹೋದರೆ ಹೊಲದ ಮೇಲ್ಮಣ್ಣು ಆ ನೀರಿನೊಡನೆ ಹೊರಡುತ್ತದೆ. ಇಕ್ಕೆಲಗಳಲ್ಲಿ ಕಾಲುವೆ, ಇಳಿಜಾರಿನಲ್ಲಿ ಅಲ್ಲಲ್ಲಿ ಅಡ್ಡಗಲ್ಲಿನ ಸಾಲು, ಮೇಲೆ ಗರಸು—ಇಷ್ಟು ಮಾಡಿದರೆ ದಾರಿಯೂ ಮಣ್ಣೂ ಉಳಿಯುತ್ತವೆ.

ನಗರದ ಒಳಗಿನ ಪ್ರಯತ್ನವೊಂದನ್ನು ಹೇಳಿ ಮುಂದುವರಿಯಬಹುದು. ಹುಬ್ಬಳ್ಳಿಯ ಉಣಕಲ್ ಕೆರೆಯಿಂದ ಹೊರಡುವ ನಾಲೆಯ ದಂಡೆಯಲ್ಲಿ ಸೈಕಲ್ ಹಾದಿ, ಕಾಲುಹಾದಿಗಳ ‘ಹಸಿರು ಸಂಚಾರ ಪಥ’ವನ್ನು ಯೋಜಿಸಲಾಯಿತು. ಸ್ಮಾರ್ಟ್ ಸಿಟಿ ಕಾರ್ಯಕ್ರಮದಡಿ ದೇಶದಲ್ಲಿ ಆಯ್ಕೆಯಾದ 12 ಯೋಜನೆಗಳಲ್ಲಿ ಇದೂ ಒಂದು. ಇದಕ್ಕೆ ನೆರವಾದವರಲ್ಲಿ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯೂ ಸೇರಿದೆ. ಸಂತೋಷವೇ. ಆದರೆ ಪೇಟೆಯ ಹಾದಿಯು ಪೇಟೆಯಲ್ಲಿಯೇ ಮುಗಿಯದೆ ಹಳ್ಳಿಯ ಚಕ್ಕಡಿ ದಾರಿಗೆ ಕೂಡಿಕೊಂಡಾಗ ಮಾತ್ರ ಅದು ಪಥವೆನಿಸಿಕೊಳ್ಳುತ್ತದೆ.

ಸವಾರರಿಗೂ ಕೆಲವು ಮಾತು. ಬಿತ್ತಿದ ಹೊಲ ದಾರಿಯಲ್ಲ. ಬದುವಿನ ಗೇಟು ತೆರೆದರೆ ಮುಚ್ಚಿ ಹೋಗುವುದು ಕನಿಷ್ಠ ಸೌಜನ್ಯ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಸಂಜೆಯ ಹೊತ್ತು ಕಾಡಿನ ದಾರಿ ಕಾಡಿನವರದು. ಉತ್ತರ ಕನ್ನಡದ ಕಾಡುಗಳಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯ ಭಯವೂ ಇರುವುದರಿಂದ, ಹೋಗುವ ಮುನ್ನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು ಲೇಸು.

ಇನ್ನು ಮಕ್ಕಳ ವಿಷಯ. 2006-07ರಲ್ಲಿ ಆರಂಭವಾದ ಸರಕಾರಿ ಸೈಕಲ್ ವಿತರಣೆಯು ಎಂಟನೆಯ ತರಗತಿಯ ಅಸಂಖ್ಯ ಹಳ್ಳಿಯ ಹುಡುಗಿಯರನ್ನು ಹೈಸ್ಕೂಲಿಗೆ ತಲುಪಿಸಿತು. ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. ಹೆದ್ದಾರಿಯಲ್ಲಿ ಮಗಳನ್ನು ಸೈಕಲ್ಲಿನಲ್ಲಿ ಕಳುಹಿಸಲು ಯಾವ ತಾಯಿಯೂ ಒಪ್ಪಲಾರಳು. ಹೊಲದ ನಡುವಿನ ದಾರಿ ಶಾಲೆಯವರೆಗೆ ತಡೆಯಿಲ್ಲದೆ ಸಾಗುವಂತಿದ್ದರೆ ಒಪ್ಪಿಯಾಳು.

ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಒಂದು ಕೆಲಸ ಮಾಡಬಹುದು. ತಮ್ಮ ಊರಿನ ನಕಾಶೆಯ ಪ್ರತಿಯನ್ನು ಭೂಮಾಪನ ಇಲಾಖೆಯಿಂದ ಪಡೆದು, ಮೊಬೈಲಿನಲ್ಲಿ ‘ದಿಶಾಂಕ್’ ತೆರೆದು ಸರ್ವೆ ನಂಬರು ನೋಡುತ್ತ, ಜೋಡಿ ಚುಕ್ಕೆಗೆರೆಯ ಪ್ರತಿಯೊಂದು ದಾರಿಯ ಮೇಲೆ ಸೈಕಲ್ಲಿನಲ್ಲಿ ಹೋಗಿ ಬರಲಿ. ಎಲ್ಲಿ ದಾರಿ ಇದೆ, ಎಲ್ಲಿ ಸಣ್ಣದಾಗಿದೆ, ಎಲ್ಲಿ ತಂತಿ ಅಡ್ಡ ಬಂದಿದೆ ಎಂದು ಬರೆದುಕೊಳ್ಳಲಿ. ಊರಿನ ಅಜ್ಜಂದಿರನ್ನು ಕರೆದೊಯ್ದರೆ ಇನ್ನೂ ಒಳ್ಳೆಯದು. ದಾರಿಗಳ ಹೆಸರು ಗೊತ್ತಿರುವುದು ಅವರಿಗೆ ಮಾತ್ರ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ಸೇರಿಸಬೇಕು. ಮುಂಗಾರಿನ ರಂಟೆ ಹೊಲಕ್ಕೆ ಇಳಿಯುವ ಮೊದಲು ಇದಿಷ್ಟು ಆದರೆ ಒಂದು ವರ್ಷದ ಒತ್ತುವರಿಯಾದರೂ ನಿಲ್ಲುತ್ತದೆ.